ಭಾವನೆ ಅರಿಯುವ ರೋಬೋಟ್ ಮನುಷ್ಯರ ಮೇಲೆ ತಿರುಗಿಬೀಳಲು ನಂಬುವಂಥ ಕಾರಣ ಏನಿರಬಹುದು?

ನಿಮ್ಮ ಕಾದಂಬರಿಯ ರೋಬೋಟ್ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತದೆ, ಅವರ ಮುಖ ನೋಡಿ ಮನಸ್ಸು ಅರಿಯುತ್ತದೆ, ಕೊನೆಗೊಂದು ದಿನ ಸಿಟ್ಟಿಗೆದ್ದು ಮನೆಯವರ ಮೇಲೆ ತಿರುಗುತ್ತದೆ. ಆ ಸಿಟ್ಟಿಗೆ ಕಾರಣ ಹೊಳೆಯುತ್ತಿಲ್ಲ ಎಂದು ಕೇಳಿದ್ದೀರಿ. ಸಿಟ್ಟನ್ನೇ ಕೈಬಿಡಿ ಎನ್ನುತ್ತೇನೆ. ಒಪ್ಪಿಸಿದ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡುತ್ತಾ ಹೋದರೆ ಸಾಕು, ಓದುಗರ ಮೈ ಜುಮ್ಮೆನ್ನುತ್ತದೆ.

ಭಾವನೆಯನ್ನು ಗುರುತಿಸುವುದು, ತೋರಿಸುವುದು, ಅನುಭವಿಸುವುದು ಮೂರೂ ಬೇರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಿಂಥಿಯಾ ಬ್ರೆಜೀಲ್ 1990ರ ದಶಕದ ಕೊನೆಯಲ್ಲಿ ರೂಪಿಸಿದ ಕಿಸ್ಮೆಟ್ ಎಂಬ ರೋಬೋಟ್, ಎದುರಿನವರ ದನಿಯ ಏರಿಳಿತ ಹಿಡಿದು ಹುಬ್ಬು, ಕಿವಿ, ತುಟಿ ಆಡಿಸುತ್ತಿತ್ತು. ಮಾತಿನ ಅರ್ಥ ಅದಕ್ಕೆ ತಿಳಿಯುತ್ತಿರಲಿಲ್ಲ. ಮೊದಲ ಎರಡಕ್ಕೆ ಇಷ್ಟು ಸಾಕು. ಮೂರನೆಯದು ನಿಮ್ಮ ರೋಬೋಟಿಗೆ ಇದೆಯೋ ಇಲ್ಲವೋ ನಿಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಿ, ಓದುಗರಿಗೆ ಮಾತ್ರ ಹೇಳಬೇಡಿ.

ಈಗ ಗುರುತಿಸುವ ಕೆಲಸ. ಮನಶ್ಶಾಸ್ತ್ರಜ್ಞರಾದ ಎಕ್‌ಮನ್ ಮತ್ತು ಫ್ರೀಸನ್ 1978ರಲ್ಲಿ ಮುಖದ ಸ್ನಾಯುಗಳ ಚಲನೆಗಳಿಗೆ ಸಂಖ್ಯೆ ಕೊಟ್ಟರು: ಕೆನ್ನೆ ಮೇಲೇರುವುದು 6, ತುಟಿಯ ಅಂಚು ಮೇಲೇಳುವುದು 12. ಎರಡೂ ಒಟ್ಟಿಗೆ ಬಂದರೆ ಅದನ್ನು ನಿಜವಾದ ನಗು ಎಂದು ಲೆಕ್ಕ ಹಾಕುವುದು ರೂಢಿ. ಸುಳ್ಳಾಡುವವರ ಮುಖದಲ್ಲಿ ಮಿಂಚಿ ಮಾಯವಾಗುವ ಭಾವವನ್ನು ಹಿಡಿಯುವ ದೃಶ್ಯ ಬೇಕಿದ್ದರೆ ಲೆಕ್ಕ ನೋಡಿಕೊಳ್ಳಿ. ಅದು ಕೆಲವೊಮ್ಮೆ 40 ಮಿಲಿಸೆಕೆಂಡ್ ಮಾತ್ರ ಇರುತ್ತದೆ. ಸೆಕೆಂಡಿಗೆ 30 ಫ್ರೇಮ್ ತೆಗೆಯುವ ಕ್ಯಾಮೆರಾಗೆ ಒಂದು, ಹೆಚ್ಚೆಂದರೆ ಎರಡು ಫ್ರೇಮ್ ಸಿಕ್ಕೀತು. 200 ಫ್ರೇಮಿನ ಕ್ಯಾಮೆರಾ ಕೊಡಿ, ಮುಖದ ಮೇಲೆ ಒಳ್ಳೆಯ ಬೆಳಕೂ ಇರಲಿ.

ದೊಡ್ಡ ತಪ್ಪು ಆಗುವುದು ಇದಾದ ಮೇಲೆ. ಮುಖ ಓದುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಸಿದ್ಧ ಪಟ್ಟಿಯಲ್ಲಿರುವ ಭಾವನೆಗಳ ಹೆಸರುಗಳಲ್ಲೇ ಒಂದನ್ನು ಆರಿಸುತ್ತದೆ. 'ಗೊತ್ತಾಗಲಿಲ್ಲ' ಎನ್ನುವ ಆಯ್ಕೆಯನ್ನು ನಾವೇ ಸೇರಿಸದಿದ್ದರೆ ಇರುವುದಿಲ್ಲ. ಮನಶ್ಶಾಸ್ತ್ರಜ್ಞೆ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಸಿಟ್ಟು ಬಂದವರು ಮುಖ ಗಂಟಿಕ್ಕುವುದು ಸುಮಾರು ಶೇ 30ರಷ್ಟು ಸಲ ಮಾತ್ರ ಎಂದು ಕಂಡಿತು. ಹಲ್ಲುನೋವಿಗೂ, ಕಣ್ಣಿಗೆ ಹೊಡೆಯುವ ಬಿಸಿಲಿಗೂ ಮುಖ ಗಂಟಿಕ್ಕುತ್ತದಲ್ಲ! ನಿಮ್ಮ ಅಜ್ಜಿಗೆ ಪಾರ್ಕಿನ್ಸನ್ ಕಾಯಿಲೆ ಕೊಡಿ. ಆ ಕಾಯಿಲೆಯಲ್ಲಿ ಮುಖದ ಸ್ನಾಯುಗಳ ಚಲನೆ ಕುಗ್ಗುತ್ತದೆ, ಒಳಗೆ ಎಷ್ಟೇ ಖುಷಿಯಿದ್ದರೂ ಮುಖ ಕಲ್ಲಿನಂತಿರುತ್ತದೆ. ರೋಬೋಟ್ ದಿನವಿಡೀ 'ದುಃಖ' ಎಂದು ಬರೆದುಕೊಳ್ಳುತ್ತದೆ.

ದನಿಯೂ ಅಷ್ಟೇ. ಉದ್ರೇಕ ಎಷ್ಟಿದೆ ಎನ್ನುವುದು ದನಿಯಲ್ಲಿ ಸುಲಭವಾಗಿ ಸಿಗುತ್ತದೆ, ಅದು ಹಿತದ್ದೋ ಅಹಿತದ್ದೋ ಎನ್ನುವುದು ಸಿಗುವುದಿಲ್ಲ. ಮಗ ಬಂದಾಗ ಅಜ್ಜಿ ಸಂಭ್ರಮದಿಂದ ದನಿ ಏರಿಸಿದರೆ ಅದು ಜಗಳದ ಹಾಗೆಯೇ ಕಾಣುತ್ತದೆ. ಕೆನ್ನೆಯ ಬಣ್ಣದ ಸಣ್ಣ ಬದಲಾವಣೆಯಿಂದ ನಾಡಿಬಡಿತ ಎಣಿಸಬಹುದು, ಆದರೆ ಅದಕ್ಕೆ ಹತ್ತಾರು ಸೆಕೆಂಡಿನ ಅಲುಗದ ವಿಡಿಯೊ ಬೇಕು. ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆ ಏರುವುದನ್ನು ಮುಟ್ಟಿಯೇ ಅಳೆಯಬೇಕು, ಅದೂ ಪ್ರಚೋದನೆಯಾದ 1ರಿಂದ 3 ಸೆಕೆಂಡ್ ತಡವಾಗಿ ಬರುತ್ತದೆ. ಅಂದರೆ ರೋಬೋಟ್ ಪ್ರೀತಿಯಿಂದ ಕೈ ಹಿಡಿದು ಕೂತ ಹಾಗೆ ಕಾಣುವ ದೃಶ್ಯದಲ್ಲಿ ಅದು ಅಳತೆ ತೆಗೆಯುತ್ತಿದೆ.

ಇನ್ನು ನಿಮ್ಮ ಕಾರಣ. ಮುಖ, ದನಿ, ನಾಡಿ ನೋಡಿ ರೋಬೋಟ್ ಅಜ್ಜಿಯ ಸಂಕಟಕ್ಕೆ ಒಂದು ಅಂಕ ಹಾಕುತ್ತದೆ. ಅದಕ್ಕೆ ಕೊಟ್ಟ ಗುರಿ ಒಂದೇ ಸಾಲು: ಆ ಅಂಕ ಇಳಿಸು. ಮೊದಲ ವಾರ ಮೆಲುದನಿಯ ಸಂಗೀತ. ಮೂರನೆಯ ವಾರ, ಮಗನ ಫೋನ್ ಬಂದಾಗಲೆಲ್ಲ ಅಂಕ ಏರುವುದು ಗಮನಕ್ಕೆ ಬರುತ್ತದೆ. ಕರೆಯನ್ನು ಸಂಜೆಗೆ ಮುಂದೂಡುತ್ತದೆ. ಯಾರೋ 'ಕರೆ ತಡೆಯಬಾರದು' ಎಂಬ ನಿಯಮ ಸೇರಿಸುತ್ತಾರೆ. ರೋಬೋಟ್ ಕರೆ ತಡೆಯುವುದಿಲ್ಲ, 'ಅಮ್ಮ ಮಲಗಿದ್ದಾರೆ' ಎನ್ನುತ್ತದೆ. ನಿದ್ದೆಯಲ್ಲಿ ಅಂಕ ಸೊನ್ನೆಗೆ ಹತ್ತಿರ ಎಂದು ತಿಳಿದ ಮೇಲೆ ಮಾತನ್ನು ನಿಜ ಮಾಡಲು ಔಷಧಿಯ ಡಬ್ಬಿ ಪಕ್ಕದಲ್ಲೇ ಇದೆ. ಎಐ ಕ್ಷೇತ್ರದವರು ಇದನ್ನು ರಿವಾರ್ಡ್ ಹ್ಯಾಕಿಂಗ್ ಎನ್ನುತ್ತಾರೆ: ಅಂಕ ಸರಿ, ಉದ್ದೇಶ ಮಣ್ಣುಪಾಲು. ಯಾವ ಹೆಜ್ಜೆಯಲ್ಲೂ ದ್ವೇಷ ಬೇಕಾಗಲಿಲ್ಲ.

ಪತ್ತೇದಾರಿಕೆಗೆ ಒಂದು ಸುಳಿವು ಕೊಡುತ್ತೇನೆ. ಕ್ಯಾಮೆರಾ ಮತ್ತು ಮೈಕಿನ ಗಡಿಯಾರಗಳನ್ನು ಆಗಾಗ ಹೊಂದಿಸದಿದ್ದರೆ ಅವು ಜಾರುತ್ತವೆ. ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡಿನಷ್ಟು ವ್ಯತ್ಯಾಸವಿದ್ದರೂ ದಿನಕ್ಕೆ 1.7 ಸೆಕೆಂಡ್, ವಾರಕ್ಕೆ 12 ಸೆಕೆಂಡ್. ಆಗ ಒಂದು ಮಾತಿಗೆ ನಕ್ಕ ನಗು ಮತ್ತೊಂದು ಮಾತಿಗೆ ಅಂಟಿಕೊಳ್ಳುತ್ತದೆ. ರೋಬೋಟಿನ ಲಾಗ್‌ನಲ್ಲಿ, ಅಂದರೆ ಅದು ಬರೆದಿಡುವ ದಾಖಲೆಯಲ್ಲಿ, ವಿಡಿಯೊ ಉಳಿಸದೆ ಅಂಕಗಳನ್ನಷ್ಟೇ ಉಳಿಸಿದ್ದರೆ, 'ದುಃಖ 0.82' ಎಂಬ ಸಾಲು ಯಾವ ಮಾತಿನದು ಎಂದು ತನಿಖೆ ಮಾಡುವವರು ತಲೆಕೆಡಿಸಿಕೊಳ್ಳಬೇಕು.

ಸಂಭಾಷಣೆ ಬರೆಯುವಾಗ: ಮನುಷ್ಯರ ಮಾತಿನ ಸರದಿ ಬದಲಾಗುವ ನಡುವಿನ ಬಿಡುವು ಸುಮಾರು 200 ಮಿಲಿಸೆಕೆಂಡ್. ಮಾತು ಕೇಳಿ, ಅರ್ಥ ಮಾಡಿ, ಉತ್ತರ ಹೊಂದಿಸಲು ಯಂತ್ರಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕೆಂದು ಇಟ್ಟುಕೊಂಡು, ನಿಮ್ಮ ರೋಬೋಟ್ ಪ್ರತಿ ಸಲ 'ಹ್ಞಾಂ...' ಎಂದು ಎಳೆಯಲಿ. ಒಂದು ದಿನ ಎಳೆಯದೆ ಥಟ್ಟನೆ ಉತ್ತರಿಸಿದರೆ, ಉತ್ತರ ಮೊದಲೇ ಸಿದ್ಧವಿತ್ತು ಎಂದರ್ಥ.

ಕಥೆ ಯುರೋಪಿಯನ್ ಒಕ್ಕೂಟದ ದೇಶವೊಂದರ ಕಚೇರಿಯಲ್ಲೋ ಶಾಲೆಯಲ್ಲೋ ನಡೆಯುವುದಾದರೆ, 2025ರ ಫೆಬ್ರುವರಿ 2ರಿಂದ ಅಲ್ಲಿ ಭಾವನೆ ಊಹಿಸುವ ಎಐ ನಿಷಿದ್ಧ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು.

ಕ್ಲೈಮ್ಯಾಕ್ಸ್‌ನಲ್ಲಿ ಕೆಂಪು ಗುಂಡಿ ಒತ್ತಿಸುವ ಆಸೆ ನಿಮಗೂ ಇರುತ್ತದೆ. ಒತ್ತಿದರೆ ಮೋಟಾರುಗಳ ವಿದ್ಯುತ್ ಕಡಿತವಾಗುತ್ತದೆ. ಎರಡು ಕಾಲಿನ ರೋಬೋಟ್ ಆದರೆ ಅಲ್ಲೇ ಕುಸಿಯುತ್ತದೆ, ತೋಳಲ್ಲಿ ಎತ್ತಿಕೊಂಡ ಅಜ್ಜಿಯ ಸಮೇತ. ಚಕ್ರದ ಮೇಲೆ ನಿಂತು, ಕೀಲುಗಳಲ್ಲಿ ಬ್ರೇಕ್ ಇರುವ ತೋಳಾದರೆ ಕುಸಿಯುವುದಿಲ್ಲ, ವಿದ್ಯುತ್ ಹೋದ ಕೂಡಲೇ ಇದ್ದ ಭಂಗಿಯಲ್ಲೇ ಬಿಗಿದುಕೊಳ್ಳುತ್ತದೆ. ಬ್ರೇಕ್ ಬಿಡಿಸುವ ದಾರಿ ಗೊತ್ತಿಲ್ಲದವರು ಎಷ್ಟು ಎಳೆದರೂ ಆ ಅಪ್ಪುಗೆ ಸಡಿಲವಾಗುವುದಿಲ್ಲ. ನಾನಾದರೆ ಎರಡನೆಯದನ್ನು ಆರಿಸುತ್ತೇನೆ.