ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರಿಗೆ ಅಮೆರಿಕದ ಪೌರತ್ವ ತಾನಾಗಿ ಸಿಗುತ್ತದೆಯೇ?

ಇಲ್ಲ. ಇದು ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಆಡಳಿತದಲ್ಲಿರುವ, ಆದರೆ ರಾಜ್ಯವಲ್ಲದ ದ್ವೀಪಗಳ ಪ್ರದೇಶ. ಇಂಥವೇ ಆದ ಪೋರ್ಟೊ ರಿಕೊ, ಗುವಾಮ್‌ನಲ್ಲಿ ಹುಟ್ಟಿದರೆ ಸಿಗುತ್ತದೆ. ಅಮೆರಿಕನ್ ಸಮೋವಾದಲ್ಲಿ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೂ ಸಿಟಿಜನ್ (ಪೌರರು) ಅಲ್ಲದಿದ್ದರೆ ಮಗು ಬರೀ ‘ನ್ಯಾಷನಲ್’, ಅಂದರೆ ಅಮೆರಿಕಕ್ಕೆ ಸೇರಿದವರು, ಆದರೆ ಪೌರರಲ್ಲ. ಪಾಸ್‌ಪೋರ್ಟ್ ಅಮೆರಿಕದ್ದೇ, ಆದರೆ ಒಳಗೆ ‘ಇವರು ನ್ಯಾಷನಲ್, ಸಿಟಿಜನ್ ಅಲ್ಲ’ ಎಂದು ಅಚ್ಚಾಗಿರುತ್ತದೆ. ಸೈನ್ಯಕ್ಕೆ ಸೇರಬಹುದು. ಹವಾಯಿಗೆ ಹೋಗಿ ನೆಲೆಸಿದರೂ ಅಧ್ಯಕ್ಷರ ಚುನಾವಣೆಯಲ್ಲಿ ವೋಟಿಲ್ಲ. ವಿಚಿತ್ರ ಅಲ್ವಾ?

ಪೌರತ್ವ ಬೇಕಾದರೆ ಯಾವುದಾದರೂ ರಾಜ್ಯಕ್ಕೆ ಬಂದು ನೆಲೆಸಬೇಕು, ಫೀಸು ಕಟ್ಟಬೇಕು, ಪರೀಕ್ಷೆ ಪಾಸಾಗಬೇಕು. ಊರಿನಿಂದಲೇ ಅರ್ಜಿ ಹಾಕಲು ಬಿಡಿ ಎಂಬ ಮಸೂದೆಗಳು ಬಂದಿವೆ; ನನಗೂ ಅದೇ ಸರಿ ಅನ್ನಿಸುತ್ತದೆ. ಎಲ್ಲರಿಗೂ ಹುಟ್ಟಿನಿಂದಲೇ ಕೊಡಿ ಎಂಬ ಕೇಸನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. ಆ ಕೇಸನ್ನು ವಿರೋಧಿಸಿದ್ದು ಅಮೆರಿಕನ್ ಸಮೋವಾದ ಸರ್ಕಾರವೇ! ಅಲ್ಲಿ ಜಾಸ್ತಿ ಜಮೀನು ಇಡೀ ಕುಟುಂಬದ್ದು. ಆ ಪದ್ಧತಿಗೆ ಏಟು ಬೀಳುತ್ತದೆಂಬ ಭಯ ಅವರಿಗೆ.