ಕಾಲಿನ ಸದ್ದು ಓದುಗರಿಗೂ ಕೇಳಬೇಕು

ನಮಸ್ಕಾರ.

ಕಾಲಿನಿಂದಲೇ ನೆಲ ಬಡಿದು ತಾಳ ಹಾಕುವ ಅಮೆರಿಕದ ಎರಡು ಕುಣಿತಗಳ ಬಗ್ಗೆ ನೀವು ಕಳಿಸಿದ ‘ಕ್ಲಾಗಿಂಗ್ ಮತ್ತು ಟ್ಯಾಪ್: ಒಂದೇ ಕುಣಿತದ ಎರಡು ಮುಖ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಉತ್ತರ ಕೆರೊಲಿನಾದಲ್ಲಿ ನೆಲೆಸಿ, ವಾರವಾರ ಮಗಳನ್ನು ಕ್ಲಾಗಿಂಗ್ ತರಗತಿಗೆ ಕರೆದುಕೊಂಡು ಹೋಗಿ, ಬಂದು ಅದರ ಬಗ್ಗೆ ಕನ್ನಡದಲ್ಲಿ ಬರೆಯುವವರು ಎಷ್ಟು ಜನ ಸಿಗುತ್ತಾರೆ ಹೇಳಿ? ಅದಕ್ಕೇ ಸ್ವಲ್ಪ ಉದ್ದವಾಗಿ, ನೇರವಾಗಿ ಬರೆಯುತ್ತಿದ್ದೇನೆ.

ಮೊದಲ ತೊಂದರೆ ಕ್ಲಾಗಿಂಗ್‌ಗೂ ಟ್ಯಾಪ್‌ಗೂ ಇರುವ ವ್ಯತ್ಯಾಸ ಅಂತ ನೀವು ಕೊಟ್ಟ ಪಟ್ಟಿಯದು. ಒಂದು ಹಳ್ಳಿಯದು, ಇನ್ನೊಂದು ಪಟ್ಟಣದ್ದು. ಒಂದು ಗುಂಪಿನದು, ಇನ್ನೊಂದು ಒಬ್ಬರದು. ಒಂದಕ್ಕೆ ಪಿಟೀಲು, ಇನ್ನೊಂದಕ್ಕೆ ಜಾಜ್. ಇದರಲ್ಲಿ ಪೂರ್ತಿ ಸುಳ್ಳು ಯಾವುದೂ ಇಲ್ಲ. ಆದರೆ ಇದನ್ನೆಲ್ಲ ಓದಿದ ಮೇಲೂ, ಮೇಲಿನ ಮಹಡಿಯಲ್ಲಿ ಯಾರಾದರೂ ಕುಣಿದರೆ ಅದು ಯಾವ ಕುಣಿತ ಅಂತ ನನಗೆ ಹೇಳಲು ಬರುವುದಿಲ್ಲ. ಎರಡೂ ಕಿವಿಗಾಗಿ ಹುಟ್ಟಿದ ಕುಣಿತಗಳು. ನಿಮ್ಮ ಲೇಖನದಲ್ಲಿ ಕಣ್ಣಿಗೆ ಕಂಡದ್ದು ಜಾಸ್ತಿ, ಕಿವಿಗೆ ಬಿದ್ದದ್ದು ತೀರಾ ಕಡಿಮೆ.

ಒಂದು ಕಡೆ ಮಾತ್ರ ನೀವು ಕೇಳಿಸಿಕೊಂಡಿದ್ದೀರಿ. ನಾಲ್ಕನೇ ಪ್ಯಾರಾದಲ್ಲಿ: ‘ತರಗತಿ ಮುಗಿಸಿ ಮಗಳು ಕಾರಿಡಾರಿನಲ್ಲಿ ನಡೆದು ಬರುವಾಗಲೇ ಬೂಟು ಜಣಜಣ ಅನ್ನುತ್ತದೆ.’ ಇಡೀ ಲೇಖನದಲ್ಲಿ ಇದಕ್ಕಿಂತ ಒಳ್ಳೆಯ ಸಾಲಿಲ್ಲ. ಅದನ್ನು ಬರೆದು ಅಲ್ಲಿಗೇ ಬಿಟ್ಟು, ಮುಂದಿನ ಸಾಲಿನಲ್ಲಿ ತರಗತಿಯ ಶುಲ್ಕಕ್ಕೆ ಹೋಗಿಬಿಟ್ಟಿದ್ದೀರಿ.

ಯಾಕೆ ಜಣಜಣ ಅನ್ನುತ್ತದೆ? ಮಗಳ ಬೂಟು ತಿರುವಿ ನೋಡಿ. ಮುಂಗಾಲಿನ ಕೆಳಗೊಂದು, ಹಿಮ್ಮಡಿಯ ಕೆಳಗೊಂದು ಜೋಡಿ ತಗಡು ಇರುತ್ತದೆ. ಜೋಡಿಯಲ್ಲಿ ಒಂದು ಬೂಟಿಗೆ ಬಿಗಿಯಾಗಿ ಕೂತಿರುತ್ತದೆ, ಇನ್ನೊಂದು ಅದಕ್ಕೆ ತಾಗಿ ಸಡಿಲವಾಗಿ ಅಲ್ಲಾಡುತ್ತದೆ. ನೆಲಕ್ಕೆ ಹೊಡೆದರೂ ಸದ್ದು, ಕಾಲು ಗಾಳಿಯಲ್ಲಿ ಒದರಿದರೂ ಸದ್ದು. ಟ್ಯಾಪ್ ಬೂಟಿನಲ್ಲಿ ಮುಂದೊಂದು ಹಿಂದೊಂದು ಒಂಟಿ ತಗಡು, ಸ್ಕ್ರೂ ಹಾಕಿ ಕೂರಿಸಿದ್ದು. ಆ ಸ್ಕ್ರೂ ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ ಕುಣಿಯುವವರು ತಮಗೆ ಬೇಕಾದ ನಾದ ತಂದುಕೊಳ್ಳುತ್ತಾರೆ. ಕಾಲು ನೆಲ ಮುಟ್ಟಿದಾಗಷ್ಟೇ ಅದು ಮಾತಾಡುತ್ತದೆ, ಉಳಿದ ಹೊತ್ತು ಸುಮ್ಮನಿರುತ್ತದೆ. ಆ ಮೌನವನ್ನೂ ತಾಳದ ಒಂದು ಭಾಗ ಮಾಡಿಕೊಳ್ಳಲು ಟ್ಯಾಪ್ ಕಲಾವಿದರಿಗೆ ಸಾಧ್ಯವಾಗುವುದು ಇದರಿಂದಲೇ. ನಿಮ್ಮ ಮಗಳ ಬೂಟಿಗೆ ಸುಮ್ಮನಿರುವುದು ಕಷ್ಟ. ಅವಳ ತಂಡದಲ್ಲಿ ಹತ್ತಾರು ಕಾಲು ಒಟ್ಟಿಗೆ ಬಿದ್ದಾಗ ಆ ಜಣಜಣವೇ ಒಂದು ದೊಡ್ಡ ವಾದ್ಯವಾಗುತ್ತದೆ. ಇದನ್ನು ಬರೆಯಿರಿ. ಒಂಟಿ ತಗಡು ಹಾಕುವ ಕ್ಲಾಗರ್‌ಗಳೂ ಇದ್ದಾರೆ, ಸಾದಾ ಚರ್ಮದ ಬೂಟಿನಲ್ಲೇ ಫ್ಲ್ಯಾಟ್‌ಫುಟ್ (ಪಾದವನ್ನು ನೆಲಕ್ಕೆ ಹತ್ತಿರವೇ ಇಟ್ಟು ಕುಣಿಯುವ ರೀತಿ) ಕುಣಿಯುವ ಹಳಬರೂ ಇದ್ದಾರೆ. ಹಾಗಾಗಿ ಬೂಟು ನೋಡಿ ಎಲ್ಲವನ್ನೂ ತೀರ್ಮಾನಿಸಬೇಡಿ.

ಮರದ ಬೂಟಿನ ವಿಷಯ ಮಾತ್ರ ತೆಗೆದುಬಿಡಿ. ‘ಕ್ಲಾಗಿಂಗ್ ಕುಣಿಯುವವರು ಮರದ ಪಾದರಕ್ಷೆ ಹಾಕುತ್ತಾರೆ’ ಅಂದಿದ್ದೀರಿ. ಅದು ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯ ಕ್ಲಾಗ್ ಕುಣಿತ. ಅಲ್ಲಿನ ಹತ್ತಿ ಗಿರಣಿಗಳ ಕೆಲಸಗಾರರು ಮರದ ಅಟ್ಟೆಯ ಬೂಟು ತೊಡುತ್ತಿದ್ದರು, ಅದರಲ್ಲೇ ಕುಣಿಯುತ್ತಿದ್ದರು. ಚಾರ್ಲಿ ಚಾಪ್ಲಿನ್ ಹುಡುಗನಾಗಿದ್ದಾಗ ಅಂಥದ್ದೇ ಒಂದು ತಂಡದಲ್ಲಿ ಕುಣಿದವನು. ನಿಮ್ಮ ಊರಿನ ಕ್ಲಾಗಿಂಗ್ ಪೂರ್ವ ಅಮೆರಿಕದ ಅಪಲಾಚಿಯನ್ ಬೆಟ್ಟಗಳದ್ದು. ಎರಡಕ್ಕೂ ನಂಟಿದೆ, ಎರಡೂ ಒಂದೇ ಅಲ್ಲ.

ಇನ್ನು ತಾಳ. ನನ್ನ ಪ್ರಕಾರ ನಿಮ್ಮ ಲೇಖನದ ಜೀವ ಇರಬೇಕಾದದ್ದು ಇಲ್ಲಿ. ಕ್ಲಾಗಿಂಗ್‌ನಲ್ಲಿ ಮೊದಲು ಕಲಿಸುವ ಹೆಜ್ಜೆಯಲ್ಲಿ ಮುಂಗಾಲು ಎರಡು ಸಲ ಚುರುಕಾಗಿ ನೆಲ ಸವರುತ್ತದೆ, ಆಮೇಲೆ ಮೈಭಾರ ತಾಳದ ಪೆಟ್ಟಿಗೆ ಸರಿಯಾಗಿ ಇಳಿಯುತ್ತದೆ. ಹಿಮ್ಮಡಿ ಆ ಪೆಟ್ಟನ್ನು ಹಿಡಿದುಕೊಂಡಿರುತ್ತದೆ. ‘ಒಂದು, ಎರಡು’ ಅಂತ ನೀವು ಎಣಿಸಿದರೆ ಭಾರ ಬೀಳುವುದು ಆ ಅಂಕಿಯ ಮೇಲೇ. ಪಿಟೀಲು, ಬ್ಯಾಂಜೊ ಎಷ್ಟೇ ಜೋರಾಗಿ ಓಡಲಿ, ಕಾಲು ಅವುಗಳ ಕೈ ಬಿಡುವುದಿಲ್ಲ. ಎಂಟೆಂಟು ಎಣಿಕೆಯ ಹೆಜ್ಜೆಗಳು ಪಿಟೀಲಿನ ಮಟ್ಟಿನ ಅಳತೆಗೆ ಸರಿಯಾಗಿ ಕೂರುತ್ತವೆ. ತರಗತಿಯಲ್ಲಿ ಮುಂದೆ ನಿಂತವರು ಹೆಜ್ಜೆಯ ಹೆಸರು ಕೂಗಿ ಹೇಳಿದರೆ ಸಾಕು, ಇಡೀ ಸಾಲು ತಿರುಗುತ್ತದೆ.

ಟ್ಯಾಪ್‌ನಲ್ಲೂ ಅದೇ ಸವರುವ ಹೆಜ್ಜೆ ಇದೆ, ಅಲ್ಲಿ ಅದಕ್ಕೆ ಶಫಲ್ ಅನ್ನುತ್ತಾರೆ. ಆದರೆ ಟ್ಯಾಪ್ ಕಲಾವಿದರು ಪೆಟ್ಟಿನ ಮೇಲೆ ಇಳಿಯಲೇಬೇಕು ಅಂತಿಲ್ಲ. ಎರಡು ಪೆಟ್ಟಿನ ನಡುವೆ ಇಳಿಯುತ್ತಾರೆ, ತಡ ಮಾಡುತ್ತಾರೆ, ಮೊದಲೇ ಬಂದುಬಿಡುತ್ತಾರೆ. ಜಾಜ್‌ನ ತೂಗಾಟ ಅದೇ ಅಲ್ವಾ? ಟೈಮ್ ಸ್ಟೆಪ್ ಅನ್ನುವುದನ್ನು ನೋಡಿ. ಒಂದೇ ಹೆಜ್ಜೆ ಮೂರು ಸಲ ಬರುತ್ತದೆ, ನಾಲ್ಕನೆಯದಕ್ಕೆ ‘ಬ್ರೇಕ್’ ಅಂತ ಮುರಿದು ಬೇರೆ ದಾರಿ ಹಿಡಿಯುತ್ತದೆ. ಬ್ಯಾಂಡು ಪೂರ್ತಿ ನಿಂತರೂ ಕುಣಿತ ನಿಲ್ಲಬೇಕಾಗಿಲ್ಲ, ಕಾಲೇ ತಾಳವಾದ್ಯ. ನೀವು ಟ್ಯಾಪನ್ನು ‘ಅಮೆರಿಕದ ಭರತನಾಟ್ಯ’ ಅಂದಿದ್ದೀರಿ. ಅದು ಓದುಗರಿಗೆ ದಾರಿ ತಪ್ಪಿಸುತ್ತದೆ. ನಮ್ಮವರಿಗೆ ಅರ್ಥವಾಗುವ ಹೋಲಿಕೆ ಬೇಕೇ ಬೇಕು ಅಂದರೆ, ಕಛೇರಿಯ ತನಿ ಆವರ್ತನದಲ್ಲಿ ಮೃದಂಗದವರು ಮಾಡುವ ಕೆಲಸ ಅದಕ್ಕೆ ಹತ್ತಿರ.

‘ಟ್ಯಾಪ್ ಮುಂಗಾಲಿನ ಕುಣಿತ, ಕ್ಲಾಗಿಂಗ್ ಹಿಮ್ಮಡಿಯ ಕುಣಿತ’ ಅನ್ನುವ ನಿಮ್ಮ ಸಾಲು ಅರ್ಧ ನಿಜ. ಬಿಲ್ ‘ಬೊಜ್ಯಾಂಗಲ್ಸ್’ ರಾಬಿನ್ಸನ್ ಮುಂಗಾಲಿನ ಮೇಲೆ ಹಗುರಾಗಿ, ಮೆಟ್ಟಿಲು ಹತ್ತಿ ಇಳಿದು ಕುಣಿದ. ಆದರೆ 1920ರ ದಶಕದಲ್ಲಿ ಜಾನ್ ಬಬಲ್ಸ್ ವೇಗ ತಗ್ಗಿಸಿ, ಹಿಮ್ಮಡಿಯನ್ನೂ ಕೆಳಗಿಳಿಸಿ, ಆ ಜಾಗದಲ್ಲಿ ಹೊಸ ಪೆಟ್ಟುಗಳನ್ನು ತುಂಬಿದ. ಆಮೇಲಿನ ಟ್ಯಾಪ್ ಅವನಿಗೆ ಋಣಿ.

ಕಪ್ಪು ಟ್ಯಾಪ್ ಕಲಾವಿದರಾದ ಈ ಇಬ್ಬರ ಹೆಸರೂ ನಿಮ್ಮ ಲೇಖನದಲ್ಲಿಲ್ಲ. ಇದನ್ನು ಸಣ್ಣ ವಿಷಯ ಅಂತ ಬಿಡಲು ನನ್ನಿಂದ ಆಗುವುದಿಲ್ಲ. ‘ಐರಿಷ್ ವಲಸಿಗರು ತಂದ ಟ್ಯಾಪನ್ನು ಫ್ರೆಡ್ ಆಸ್ಟೇರ್ ಜಗತ್ತಿಗೆ ಪರಿಚಯಿಸಿದ’ ಎಂದು ಬರೆದು ಕಪ್ಪು ಜನರನ್ನು ಪೂರ್ತಿ ಹೊರಗಿಟ್ಟಿದ್ದೀರಿ. ದಕ್ಷಿಣ ಕೆರೊಲಿನಾದಲ್ಲಿ 1739ರಲ್ಲಿ ಗುಲಾಮರು ದಂಗೆ ಎದ್ದರು. ಮರುವರ್ಷದ ಕಾನೂನು ಅವರ ಕೈಯಿಂದ ನಗಾರಿ ಕಿತ್ತುಕೊಂಡಿತು. ಚಪ್ಪಾಳೆ, ತೊಡೆ, ಎದೆ, ಕಾಲು, ಇವುಗಳಲ್ಲೇ ತಾಳ ಉಳಿಸಿಕೊಂಡ ಜನ ಅವರು. 1840ರ ದಶಕದಲ್ಲಿ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಅನ್ನುವ ಬಡಕೇರಿಯಲ್ಲಿ ಐರಿಷರು, ಕಪ್ಪು ಜನ ಅಕ್ಕಪಕ್ಕ ಬದುಕಿದರು, ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರು ಕದ್ದರು, ಪಂದ್ಯ ಕಟ್ಟಿ ಕುಣಿದರು. ‘ಮಾಸ್ಟರ್ ಜೂಬಾ’ ಎಂದು ಹೆಸರಾದ ಕಪ್ಪು ಕುಣಿತಗಾರ ವಿಲಿಯಂ ಹೆನ್ರಿ ಲೇನ್ ಆ ಕಾಲದವನು. ಅಮೆರಿಕದಲ್ಲಿ ಮೇ 25 ರಾಷ್ಟ್ರೀಯ ಟ್ಯಾಪ್ ದಿನ. ಅದು ರಾಬಿನ್ಸನ್ ಹುಟ್ಟಿದ ದಿನ. ಆಸ್ಟೇರ್ ಹಾಲಿವುಡ್‌ನ ದೊಡ್ಡ ಬಿಳಿಯ ಕಲಾವಿದ, ಅವನೂ ಇರಲಿ. ಆದರೆ ಕಪ್ಪು ಟ್ಯಾಪ್ ಜೋಡಿಯಾದ ನಿಕೋಲಸ್ ಸಹೋದರರು ಇಲ್ಲದೆ ಅವನೊಬ್ಬನೇ ಇದ್ದರೆ ಅದು ಟ್ಯಾಪಿನ ಕಥೆ ಆಗುವುದಿಲ್ಲ. ಕ್ಲಾಗಿಂಗ್ ಕೂಡ ಬರೀ ಬಿಳಿಯರ ಬೆಟ್ಟದ ಕುಣಿತ ಅಲ್ಲ. ಅದರಲ್ಲಿ ಸ್ಕಾಟಿಷ್, ಐರಿಷ್, ಇಂಗ್ಲಿಷ್ ಹೆಜ್ಜೆಗಳ ಜೊತೆ ಕಪ್ಪು ಜನರ ಬಕ್ ಡ್ಯಾನ್ಸ್ ಅನ್ನುವ ನೆಲ ಬಡಿಯುವ ಕುಣಿತ ಸೇರಿದೆ. ಆ ಕುಣಿತದ ಬ್ಯಾಂಜೊ ಕೂಡ ಆಫ್ರಿಕಾದ ಬೇರಿನದೇ.

1939ರ ಪ್ರಸಂಗಕ್ಕೆ ಬರುತ್ತೇನೆ. ಸ್ಯಾಮ್ ಕ್ವೀನ್ ಕಟ್ಟಿದ ಸೋಕೊ ಗ್ಯಾಪ್ ಕ್ಲಾಗಿಂಗ್ ತಂಡ ಶ್ವೇತಭವನದಲ್ಲಿ ಬ್ರಿಟನ್ನಿನ ರಾಜ ರಾಣಿಯ ಮುಂದೆ ಕುಣಿದದ್ದು ನಿಜ. ನೀವು ರಾಣಿಯ ಬಾಯಲ್ಲಿ ನಾಲ್ಕು ಸಾಲು ಮಾತು ಹಾಕಿದ್ದೀರಿ, ಕಣ್ಣೀರನ್ನೂ ತರಿಸಿದ್ದೀರಿ. ಅದೆಲ್ಲ ಬೇಡ. ಬೆಟ್ಟದ ರೈತಾಪಿ ಜನರ ಕುಣಿತ ಅಲ್ಲಿಯವರೆಗೆ ಹೋಯಿತು ಅನ್ನುವುದೇ ಸಾಕಷ್ಟು ದೊಡ್ಡ ಸುದ್ದಿ. ಆ ತಂಡವನ್ನು ಬೆಳೆಸಿದ್ದು ಆಶ್‌ವಿಲ್‌ನಲ್ಲಿ 1928ರಲ್ಲಿ ಬ್ಯಾಸ್ಕಮ್ ಲಾಮರ್ ಲನ್ಸ್‌ಫರ್ಡ್ ಶುರು ಮಾಡಿದ ಜನಪದ ಉತ್ಸವ. ನಿಮ್ಮ ರಾಜ್ಯದಲ್ಲೇ ಇರುವ ಊರು. 2005ರಲ್ಲಿ ನಿಮ್ಮ ರಾಜ್ಯ ಕ್ಲಾಗಿಂಗನ್ನು ತನ್ನ ಅಧಿಕೃತ ಜನಪದ ಕುಣಿತ ಎಂದು ಘೋಷಿಸಿತು. ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಅದ್ಭುತ’, ‘ಮನಮೋಹಕ’, ‘ರೋಮಾಂಚಕ’ ಪದಗಳನ್ನು ಅಳಿಸಿ, ಆ ಜಾಗದಲ್ಲಿ ಕಾಲು ಏನು ಮಾಡಿತು ಅಂತ ಬರೆಯಿರಿ.

ಮತ್ತೆ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ತರಗತಿಯ ಹೊರಗೆ ಕಣ್ಣು ಮುಚ್ಚಿ ಕೂತು ಕೇಳಿ. ಆಮೇಲೆ ಹತ್ತಿರದಲ್ಲಿ ಟ್ಯಾಪ್ ಕಲಿಸುವ ಕಡೆಗೂ ಹೋಗಿ ಹಾಗೇ ಕೇಳಿ. ಮಗಳನ್ನೂ ಕೇಳಿ, ಯಾವ ಹೆಜ್ಜೆ ಮಾಡುವಾಗ ಅವಳಿಗೆ ಎಲ್ಲಿ ನೋಯುತ್ತದೆ, ಎಲ್ಲಿ ಖುಷಿಯಾಗುತ್ತದೆ ಅಂತ. ಪಟ್ಟಿ ಬೇಡ, ರಾಣಿಯ ಮಾತು ಬೇಡ. ಕಾರಿಡಾರಿನ ಸಾಲಿನಿಂದ ಶುರು ಮಾಡಿ. ಸಾವಿರದ ಇನ್ನೂರು ಪದದೊಳಗೆ ಇರಲಿ, ಜೊತೆಗೆ ಮಗಳ ಬೂಟಿನ ಅಡಿಭಾಗದ ಒಂದು ಸ್ಪಷ್ಟ ಫೋಟೊ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ