ನಾಲೇಲಿ ನೀರಿಲ್ದಾಗ ಟಾರ್ಗೆಟ್ ಯಾಕೆ ಏರಿಸಿದ್ರಿ?

2023ರ ಬರದ ಟೈಮಲ್ಲಿ ಮಂಡ್ಯದಿಂದ ಟ್ರ್ಯಾಕ್ಟರ್ ಡೀಲರ್ ಒಬ್ರು ಬರ್ದಿದ್ರು: "ಸಾರ್, ನಮ್ಮ ಶೋರೂಮಲ್ಲಿ ಎಂಟು ಜನ ಸೇಲ್ಸ್ ಹುಡುಗ್ರಿದ್ರು. ಮಳೆ ಇಲ್ಲ, ಎನ್‌ಕ್ವೈರಿಗೆ ಬಂದೋರು ಮುಂದಿನ ವರ್ಷ ನೋಡಾಣ ಬುಡಿ ಅಂತ ಎದ್ದು ಹೋಗ್ತಾರೆ. ಹುಡುಗ್ರು ಚುರುಕಾಗ್ಲಿ ಅಂತ ಟಾರ್ಗೆಟ್ ಏರಿಸ್ದೆ, ಯಾರ್ದು ಎಷ್ಟು ಅಂತ ದಿನಾ ರಾತ್ರಿ ವಾಟ್ಸಾಪ್ ಗ್ರೂಪಲ್ಲಿ ಹಾಕ್ತಿದೀನಿ. ಇಬ್ರು ಬಿಟ್ಟು ಹೋದ್ರು, ಇನ್ನೊಬ್ಬ ಹೊರಡೋ ಥರ ಕಾಣ್ತಾನೆ. ಹುಮ್ಮಸ್ಸು ತುಂಬೋದು ಹೆಂಗೆ?"

ನಮಸ್ಕಾರ ಸಾರ್. ನಿಮ್ಮ ಸಂಕಟ ಅರ್ಥ ಆಗುತ್ತೆ, ಆದ್ರೆ ಒಂದು ಮಾತು ನೇರವಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹುಡುಗ್ರಿಗೆ ಹುಮ್ಮಸ್ಸು ಕಮ್ಮಿ ಆಗಿಲ್ಲ, ಭಯ ಜಾಸ್ತಿ ಆಗಿದೆ. 2023ರ ಮುಂಗಾರು ಕೈ ಕೊಡ್ತು, ಕೆಆರ್‌ಎಸ್ ಅಣೆಕಟ್ಟು ಪೂರ್ತಿ ತುಂಬೋ 124.80 ಅಡಿ ಮುಟ್ಲೇ ಇಲ್ಲ, ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಣೆ ಮಾಡ್ತು. ಕೆಆರ್‌ಎಸ್‌ನಿಂದ ಬರೋ ವಿಶ್ವೇಶ್ವರಯ್ಯ ನಾಲೆ ನಂಬ್ಕೊಂಡು ಕಬ್ಬು ಭತ್ತ ಹಾಕೋ ರೈತ, ನೀರೇ ಬರೋ ಗ್ಯಾರಂಟಿ ಇಲ್ದಾಗ ಟ್ರ್ಯಾಕ್ಟರ್ ಸಾಲಕ್ಕೆ ಹೆಂಗೆ ಸೈನ್ ಹಾಕ್ತಾನೆ? ಇದು ನಿಮಗಿಂತ ಮೊದ್ಲು ನಿಮ್ಮ ಸೇಲ್ಸ್ ಹುಡುಗನಿಗೆ ಗೊತ್ತು, ದಿನಾ ಆ ರೈತನ ಜಗಲಿ ಮೇಲೆ ಕೂತು ಬರ್ತಾನಲ್ಲ. ಅವನ ಕೈಯಲ್ಲಿಲ್ದೇ ಇರೋದಕ್ಕೆ ಅವನ ಹೆಸ್ರ ಮುಂದೆ ಸೊನ್ನೆ ಹಾಕಿದ್ರೆ ಅವನು ಇನ್ನೊಂದು ಕೆಲಸ ಹುಡುಕ್ತಾನೆ, ಅಷ್ಟೇ.

ನಾನು ಆ ಸೊನ್ನೆ ನೋಡಿದೋನು. 2002ರ ಬರದಲ್ಲಿ ಮೈಸೂರಲ್ಲಿ ಒಂದು ಪಂಪ್‌ಸೆಟ್ ಅಂಗಡೀಲಿ ಸೇಲ್ಸಲ್ಲಿದ್ದೆ, ನಂದು ಟಿ.ನರಸೀಪುರ ಲೈನು. ಅಂಗಡಿ ಒಳಗೆ ಕರಿ ಬೋರ್ಡು, ನಮ್ಮ ಹೆಸ್ರು, ಪಕ್ಕದಲ್ಲಿ ಕೆಂಪು ಸೀಮೆಸುಣ್ಣದಲ್ಲಿ ಸೊನ್ನೆ, ಅದಕ್ಕೊಂದು ಸುತ್ತು ಬೇರೆ. ಗಿರಾಕಿಗಳೂ ಓದ್ತಿದ್ರು. ಅದನ್ನ ನೋಡ್ಬಾರ್ದು ಅಂತ ನಾನು ಗೋಡೌನ್ ಬಾಗ್ಲಿಂದ ಒಳಗೆ ಹೋಗ್ತಿದ್ದೆ. ಆಮೇಲೆ ಓನರ್ ಅವರ ಅಣ್ಣ, ವಯಸ್ಸಾದೋರು, ಒಂದಿನ ನಡಿಯಪ್ಪ ನಾನೂ ಬರ್ತೀನಿ ಅಂತ ನನ್ನ ಗಾಡಿ ಹಿಂದೆ ಹತ್ತಿದ್ರು. ಹೋದ ಕಡೆಯೆಲ್ಲ ಮೋಟ್ರು ತಗೊಳ್ಳಿ ಅನ್ನೋ ಮಾತೇ ಇಲ್ಲ. ಮಜ್ಜಿಗೆ ಕುಡುದ್ರು, ನಾವು ಹಿಂದೆ ಕೊಟ್ಟಿದ್ದ ಮೋಟ್ರು ಹೆಂಗಿದೆ ಅಂತ ಪಂಚೆ ಎತ್ತಿ ಕಟ್ಕೊಂಡು ಬಾವಿ ಹತ್ರ ಹೋದ್ರು, ನೀರೆಳೆಯೋ ಪೈಪಿನ ತುದೀಲಿರೋ ಫುಟ್‌ವಾಲ್ವ್ ಕಸ ಕಟ್ಕೊಂಡಿದ್ರೆ ನನ್ನ ಕೈಲಿ ಬಿಚ್ಚಿಸಿ ಕ್ಲೀನ್ ಮಾಡ್ಸಿದ್ರು. ಸಂಜೆ ವಾಪಸ್ ಬಂದು ಬೋರ್ಡ್ ಒರ್ಸಿ, ನನ್ನ ಹೆಸ್ರ ಮುಂದೆ 6 ಅಂತ ಬರೆದ್ರು. ಆರು ಮನೆ. ಆ ಆರರ ಮುಂದೆ ನಿಂತಾಗ ಎಷ್ಟೋ ತಿಂಗಳಾದ ಮೇಲೆ ಊಟ ಸೇರ್ತು ನಂಗೆ. ಮಳೆ ಬಂದಾಗ ಆ ಮನೆಗಳೋರು ಬೇರೆ ಅಂಗಡಿಗೆ ಹೋಗ್ಲಿಲ್ಲ.

ನಿಮಗೂ ಅದನ್ನೇ ಹೇಳೋದು. ಮಾರಿದ ಗಾಡಿ ಎಣಿಸೋದು ಸ್ವಲ್ಪ ದಿನ ಬಿಡಿ, ದಿನಕ್ಕೆ ಎಷ್ಟು ಹಳೇ ಗಿರಾಕಿ ಮನೆಗೆ ಹೋದ, ಎಷ್ಟು ಸರ್ವಿಸ್ ಬುಕ್ ಮಾಡ್ಸಿದ, ಬಾಕಿ ಎಷ್ಟು ವಸೂಲಿ ಆಯ್ತು, ಎಕ್ಸ್‌ಚೇಂಜಿಗೆ ಯಾವ ಹಳೇ ಗಾಡಿ ಇದೆ ಅಂತ ತಿಳ್ಕೊಂಡು ಬಂದ, ಇದನ್ನ ಎಣಿಸಿ, ಇದಕ್ಕೇ ಇನ್ಸೆಂಟಿವ್ ಇಡಿ, ಸಣ್ಣ ಮೊತ್ತ ಆದ್ರೂ ಪರ್ವಾಗಿಲ್ಲ, ಪ್ರತಿ ಶನಿವಾರ ಕೈಗೆ ಕೊಡಿ. ಬರದಲ್ಲೂ ಊರೊಳಗೆ ದುಡ್ಡು ಓಡಾಡೋ ಜಾಗ ಇರುತ್ತೆ. ಡೈರಿಗೆ ಹಾಲು ಹಾಕೋರಿದಾರೆ, ಬೋರ್‌ವೆಲ್ ನೀರಲ್ಲಿ ರೇಷ್ಮೆ ಮಾಡೋರಿದಾರೆ. ಮೇವಿಗೆ ಕಷ್ಟ ಇರೋವಾಗ ಒಂದು ಕಡ್ಡಿನೂ ಹಾಳಾಗ್ಬಾರ್ದು ಅಂತ ಮೇವು ಕತ್ತರಿಸೋ ಮಷಿನ್ ಕೇಳೋರು ಇದ್ದೇ ಇರ್ತಾರೆ, ನಿಮ್ಮ ಶೋರೂಮಲ್ಲಿ ಅದನ್ನ ಇಟ್ಟಿದೀರಾ? ಟ್ರ್ಯಾಕ್ಟರ್ ಲಾಭ ಅದ್ರಲ್ಲಿ ಬರಲ್ಲ ನಿಜ, ಆದ್ರೆ ಹುಡುಗನಿಗೆ ಒಂದು ಬಿಲ್ ಹರಿಯೋ ಖುಷಿ ಸಿಗುತ್ತೆ.

ಇನ್ನು ಪೆಟ್ರೋಲ್. ಇದನ್ನ ನೀವು ಬರ್ದೇ ಇಲ್ಲ, ನಾನೇ ಕೇಳ್ತೀನಿ, ಯಾರ ಜೇಬಿಂದ ಹಾಕಿಸ್ತಿದಾರೆ? ವ್ಯಾಪಾರ ಇದ್ದಾಗ ಇನ್ಸೆಂಟಿವಲ್ಲಿ ಅದು ಮುಚ್ಚಿ ಹೋಗುತ್ತೆ, ಇಲ್ದಾಗ ಸಂಬಳದಿಂದ ಹೋಗುತ್ತೆ, ಆಗ ಹುಡುಗ ಬಸರಾಳಿಗೆ ಹೋಗಿದ್ದೆ ಅಂತ ಹೇಳಿ ಮಂಡ್ಯ ಬಸ್‌ಸ್ಟ್ಯಾಂಡ್ ಹತ್ರ ಟೀ ಕುಡೀತಾ ಕೂತಿರ್ತಾನೆ. ಸುಳ್ಳು ಅಂತ ಬೈಬೇಡಿ, ಪೆಟ್ರೋಲ್ ಕಾಸು ಕೊಡಿ. ಸಂಬಳನೂ 7ನೇ ತಾರೀಕೊಳಗೆ ಕೊಡಿ, ಅದು ಕಾನೂನು ಕೂಡ.

ಎಲ್ಲಕ್ಕಿಂತ ಮೊದ್ಲು ಆರೂ ಜನಾನ ಕೂರ್ಸಿ ಲೆಕ್ಕದ ಬುಕ್ ಬಿಚ್ಚಿ. ಇಷ್ಟು ತಿಂಗಳು ಸಂಬಳ ಕೊಡೋ ಶಕ್ತಿ ನಂಗಿದೆ, ಅದಾದ್ಮೇಲೂ ಮಳೆ ಆಗ್ದಿದ್ರೆ ಹಿಂಗೆ ಮಾಡ್ಬೇಕಾಗುತ್ತೆ ಅಂತ ಇದ್ದಿದ್ದು ಇದ್ದಂಗೆ ಹೇಳಿ. ಏನೂ ಆಗಲ್ಲ ಬನ್ರೋ ಅಂತ ಸುಮ್ನೆ ಧೈರ್ಯ ಹೇಳ್ಬೇಡಿ, ಅವರು ನಂಬಲ್ಲ.

ಹೊರಡೋ ಥರ ಇರೋ ಹುಡುಗನಿಗೆ ಫೋನ್ ಮಾಡ್ಬೇಡಿ ಸಾರ್, ಅವನ ಮನೆಗೇ ಹೋಗಿ. ಅವನಿಗೆ ಬೇರೆ ಕಡೆ ನಿಜವಾಗ್ಲೂ ಒಳ್ಳೆ ಕೆಲಸ ಸಿಕ್ಕಿದ್ರೆ ಲೆಕ್ಕ ಚುಕ್ತಾ ಮಾಡಿ ಕಳ್ಸಿಕೊಡಿ, ಇಲ್ಲಾಂದ್ರೆ ಮಾರನೇ ದಿನ ಬೆಳಿಗ್ಗೆ ಅವನ ಬೈಕ್ ಹಿಂದೆ ಕೂತ್ಕೊಂಡು ಒಂದು ಆರು ಮನೆ ನೋಡ್ಕೊಂಡು ಬನ್ನಿ. ಹೋಗೋಕೆ ಮುಂಚೆ ಆ ವಾಟ್ಸಾಪ್ ಲಿಸ್ಟ್ ನಿಲ್ಸಿ.